ದೀಪಾವಳಿಯವರೆಗೆ ಸ್ಲೇಟಿಲ್ಲ

ನನ್ನ ಸಿಟ್ಟು ಇಡೀ ಶಾಲೆಗೇ ಗೊತ್ತು. ಆದರೆ ಪೋಷಕರ ಸಭೆಯ ದಿನ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಹೊಸೂರಿನ ಅಂಚಿನ ಕನ್ನಡ ಶಾಲೆಯೊಂದರಲ್ಲಿ ನಾನು ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಬರುವಾಗಲೇ ಇಪ್ಪತ್ತರವರೆಗೆ ಗಿಳಿಪಾಠ ಒಪ್ಪಿಸುತ್ತವೆ, ಕೆಲವು ತೆಲುಗಿನಲ್ಲಿ. ಮೂರು ಹುಣಸೆ ಬೀಜ ತಾ ಎಂದರೆ ಮಾತ್ರ ಮುಷ್ಟಿ ತುಂಬ ತರುತ್ತವೆ. ಅದಕ್ಕೇ ನನ್ನದೊಂದು ಹಠ: ದೀಪಾವಳಿಯವರೆಗೆ ಸ್ಲೇಟು ಮುಟ್ಟಿಸುವುದಿಲ್ಲ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ವೃತ್ತ ಎಳೆದು "ಐದು!" ಎಂದು ಕೂಗುತ್ತೇನೆ. ಐವರು ಕೈಹಿಡಿದು ಒಳಗೆ ನಿಲ್ಲಬೇಕು. ನನ್ನ ಆಟದಲ್ಲಿ ಯಾರೂ ಔಟಿಲ್ಲ. ಕಮ್ಮಿ ಬಿದ್ದರೆ ಎಷ್ಟು ಕಮ್ಮಿ ಎಂದು ಹೇಳಿ, ಸಿಕ್ಕಿದವರನ್ನು ಎಳೆದು ತರಬಹುದು, ಟೀಚರನ್ನೂ.

ನಾಟ್ರಾಂಪಾಳ್ಯದ ಕಡೆಯಿಂದ ಬಂದ ಒಬ್ಬ ಹುಡುಗಿ ಮಾತ್ರ "ಎಷ್ಟು ಕಮ್ಮಿ?" ಎಂದರೆ ನೆಲ ನೋಡುತ್ತಿದ್ದಳು. ಅದೊಂದು ಲೆಕ್ಕ ಅವಳ ತಲೆಗೆ ಹತ್ತಲಿ ಎಂದು ನಾನು ಕಾಯುತ್ತಿದ್ದೆ.

ಸ್ಲೇಟಿಗೆ ದೀಪಾವಳಿಯ ಗಡುವು ಇಟ್ಟ ಗುಟ್ಟನ್ನು ನಾನು ಹೇಳಿದ್ದು ಒಬ್ಬರಿಗೇ: ಮೂರನೇ ತರಗತಿಯ ಟೀಚರ್, ನನಗಿಂತ ಹಿರಿಯರು, ನಾನು ಅಕ್ಕ ಎಂದೇ ಕರೆಯುವವರು. ಎಂಟು ವರ್ಷ ಒಂದೇ ಬೆಂಚಿನ ಮೇಲೆ ಬುತ್ತಿ ಹಂಚಿಕೊಂಡು ಉಂಡಿದ್ದೇವೆ.

"ಯಾರ್ಗೂ ಹೇಳ್ಬೇಡಿ ಅಕ್ಕ" ಎಂದಿದ್ದೆ.

"ನಾನ್ಯಾಕೆ ಹೇಳ್ಲಿ ಬಿಡಮ್ಮ" ಎಂದು ನನ್ನ ತಟ್ಟೆಗೆ ಉಪ್ಪಿನಕಾಯಿ ಹಾಕಿದ್ದರು.

ಸಭೆಯಲ್ಲಿ ಆ ಹುಡುಗಿಯ ಅಪ್ಪ ಎದ್ದು ನಿಂತ. ಫ್ಯಾಕ್ಟರಿಯ ಯೂನಿಫಾರಂನಲ್ಲೇ ಬಂದಿದ್ದ.

"ಮಕ್ಕಳನ್ನ ಬಿಸಿಲಲ್ಲಿ ಕುಣಿಸ್ತೀರಂತೆ ಮಿಸ್. ದೀಪಾವಳಿಗಂಟ ಸ್ಲೇಟೇ ಮುಟ್ಟಿಸಲ್ವಂತೆ? ಹಿಂಗಾದ್ರೆ ಬೇರೆ ಸ್ಕೂಲಿಗೆ ಹಾಕ್ಬುಡ್ತೀನಿ!"

ದೀಪಾವಳಿ! ಆ ಗಡುವು ಗೊತ್ತಿದ್ದದ್ದು ಒಬ್ಬರಿಗೇ. ಅಕ್ಕನ ಕಡೆ ತಿರುಗಿದೆ. ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಂಗಳದ ಆಟ ಇನ್ನು ಬೇಡ ಎಂದು ಹೆಡ್‌ಮಾಸ್ಟರ್ ಅಲ್ಲೇ ಹೇಳಿಬಿಟ್ಟರು.

ಆಮೇಲೆ, ಅವಳ ಅಪ್ಪನಿಗೆ ಹೇಳಿದ್ದು ನೀವೇ ಅಲ್ವಾ ಎಂದು ಅಕ್ಕನನ್ನು ಕೇಳಿಯೇ ಬಿಟ್ಟೆ.

"ಮಕ್ಕಳು ಬಿಟ್ಟೋದ್ರೆ ಶಾಲೆ ಮುಚ್ತಾರೆ ಕಣಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ದೆ" ಎಂದರು.

ಒಳ್ಳೇದಂತೆ, ಒಳ್ಳೇದು! ನನ್ನ ಮುಖಕ್ಕೇ "ಬೇಡ" ಎಂದಿದ್ದರೆ ನಾಲ್ಕು ದಿನ ಜಗಳವಾಡಿ ಸುಮ್ಮನಾಗುತ್ತಿದ್ದೆ. ಇದು ನಂಬಿಸಿ ಕತ್ತು ಕೊಯ್ಯುವ ಕೆಲಸ. ಮಾರನೆಯ ದಿನದಿಂದ ನಾನು ಒಬ್ಬಳೇ ಊಟಕ್ಕೆ ಕುಳಿತೆ. ತರಗತಿಯಲ್ಲಿ ಮಕ್ಕಳು ಸ್ಲೇಟಿನ ಮೇಲೆ ಐದನ್ನು ತಿದ್ದುತ್ತಿದ್ದರು.

ವಾರ ಕಳೆದಿರಬೇಕು. ಊಟದ ಬಿಡುವಿನಲ್ಲಿ ಮಾಸಿದ ವೃತ್ತದೊಳಗೆ ಮೂರು ಮಕ್ಕಳು ತಾವೇ ಆಡುತ್ತಿದ್ದರು. ಅವರಲ್ಲಿ ಆ ಹುಡುಗಿಯೂ ಒಬ್ಬಳು.

"ಐದು ಬೇಕು ಮಿಸ್, ಬನ್ನಿ!" ಎಂದು ನನ್ನನ್ನು ಎಳೆದು ನಿಲ್ಲಿಸಿದಳು. ಮತ್ತೆ ಓಡಿಹೋಗಿ ಅಕ್ಕನನ್ನು ಎಳೆದು ತಂದು, ಅವರ ಕೈಯನ್ನು ನನ್ನ ಕೈಯೊಳಗಿಟ್ಟಳು. ಎಂಟು ವರ್ಷ ನನಗೆ ಬಡಿಸಿದ ಕೈ. ಒಂದು ಗಳಿಗೆ ಹಿಡಿದುಕೊಂಡೆ. ಮರುಗಳಿಗೆ ಆ ಸಭೆ ನೆನಪಾಗಿ, ಕೊಸರಿಕೊಂಡು ವೃತ್ತದಾಚೆ ಬಂದುಬಿಟ್ಟೆ.

ಹುಡುಗಿ ನೆಲ ನೋಡಲಿಲ್ಲ, ಬೆರಳೂ ಮಡಚಲಿಲ್ಲ.

"ಅಯ್ಯೋ, ನಾಕೇ ಜನ ಆಗೋದ್ರು! ಒಬ್ರು ಕಮ್ಮಿ. ನೀವೇ ಕಮ್ಮಿ ಮಿಸ್."

ನಾನು ಕಾದಿದ್ದ ಲೆಕ್ಕ ಅದೇ. ಅಕ್ಕನ ಕೈ ಇನ್ನೂ ಚಾಚಿಯೇ ಇತ್ತು. ನಾನು ಒಳಗೆ ಹೋಗಲಿಲ್ಲ.