ಸೀಮೆಸುಣ್ಣ ಬಳಿದ ಸೈಕಲ್ ಚಡ್ಡಿ

ಕಳೆದ ವರ್ಷದ ಆಷಾಢ. ಮೈಸೂರಿನಲ್ಲಿ ಮಳೆ ಜೋರಾಗಿ ಸುರಿದು ಮುಗಿಸುವ ಬದಲು ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದ್ದ ಕಾಲ. ವಕೀಲರೊಬ್ಬರ ಬಳಿ ನಾನು ಜೂನಿಯರ್ ಆಗಿ ಸೇರಿ ಆಗ ಒಂದು ವರ್ಷವಾಗಿತ್ತು. ಅದಕ್ಕೂ ಮೊದಲು, ಕಾಲೇಜಿನಲ್ಲಿದ್ದಷ್ಟು ದಿನವೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವನು. ಪರ ಎಂದು ಚೀಟಿ ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಎರಡಕ್ಕೂ ಅಷ್ಟೇ ಆವೇಶ. ಈ ಅಭ್ಯಾಸ ವೇದಿಕೆಯಿಂದ ಇಳಿದ ಮೇಲೂ ಹೋಗಲಿಲ್ಲ. ಅದರಿಂದ ಆದ ಒಂದು ಫಜೀತಿಯನ್ನೂ, ಅದರಿಂದ ನನ್ನನ್ನು ಪಾರು ಮಾಡಿದ ಒಬ್ಬ ಹೆಂಗಸನ್ನೂ ನಾನು ಮರೆಯುವ ಹಾಗಿಲ್ಲ.

ವಿಜಯನಗರದಿಂದ ನಾವು ಏಳೆಂಟು ಜನ ಪ್ರತಿ ಭಾನುವಾರ ಬೆಳಿಗ್ಗೆ ದಪ್ಪ ಟೈರಿನ ಮೌಂಟನ್ ಸೈಕಲ್ ಹತ್ತಿ ಚಾಮುಂಡಿ ಬೆಟ್ಟದ ಆಚೆಯ ಮಣ್ಣುದಾರಿಗಳಿಗೆ ಹೋಗುತ್ತೇವೆ. ವಾಪಸು ಬರುವಾಗ ಟೀ ಅಂಗಡಿ. ಅವತ್ತು ಅಲ್ಲಿ ಹರ್ಷ ಎಂಬ ಗೆಳೆಯ ಹೊಸದಾಗಿ ತರಿಸಿದ ವಾಟರ್‌ಪ್ರೂಫ್ ಚಡ್ಡಿ ಹಾಕಿಕೊಂಡು ಬಂದಿದ್ದ. ಮೊಣಕಾಲಿನವರೆಗಿನ, ನೀರು ಇಳಿಯದ ಬಟ್ಟೆಯ ಚಡ್ಡಿ. ಮಳೆಗಾಲದಲ್ಲಿ ಇದಿಲ್ಲದೆ ಸೈಕಲ್ ಮುಟ್ಟಬಾರದು ಎಂದ. ಅವನು ಪರ ಹಿಡಿದ ಮೇಲೆ ನನಗೆ ಉಳಿದದ್ದು ವಿರೋಧ.

ಟೀ ಲೋಟ ಕೆಳಗಿಟ್ಟು ಶುರು ಮಾಡಿದೆ. ನೀರನ್ನು ಒಳಗೆ ಬಿಡದ ಬಟ್ಟೆ ಬೆವರನ್ನು ಹೊರಗೆ ಬಿಡುತ್ತದೆಯೇ? ಬಿಡುವುದಿಲ್ಲ. ಏರು ಹತ್ತುವಾಗ ಬೆವರದವರು ಯಾರಿದ್ದೀರಿ? ಯಾರೂ ಇಲ್ಲ. ಹಾಗಾದರೆ ನೆನೆಯುವುದಂತೂ ಖಚಿತ, ಮಳೆಯ ನೀರಿನಲ್ಲಿ ನೆನೆಯಬೇಕೋ ಸ್ವಂತ ನೀರಿನಲ್ಲೋ ಎಂಬುದಷ್ಟೇ ಪ್ರಶ್ನೆ. ಎಲ್ಲರೂ ನಕ್ಕರು. ನನಗೆ ಅಷ್ಟು ಸಾಕಾಗಿತ್ತು.

ನಗದೇ ಇದ್ದವರು ಭಾಗ್ಯಕ್ಕ ಒಬ್ಬರೇ. ನಮ್ಮ ರಸ್ತೆಯವರು, ನನಗಿಂತ ಆರು ವರ್ಷ ದೊಡ್ಡವರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆ ಕಡೆ ಹೊರಟಾಗ ಪಕ್ಕಕ್ಕೆ ಬಂದು, ತಾವೂ ಅಂಥದ್ದೊಂದು ಚಡ್ಡಿ ತರಿಸಿಕೊಳ್ಳುತ್ತಿರುವುದಾಗಿ ಹೇಳಿದರು. ನನ್ನ ವಾದ ಕೇಳಿದ ಮೇಲೂನಾ ಅಂದೆ.

"ನಿನ್ನ ವಾದ ಚೆನ್ನಾಗಿತ್ತು ಕಣೋ," ಅಂದರು. "ಆದ್ರೆ ನೆನೆಯೋದು ನಾನಲ್ವಾ."

ಭಾಗ್ಯಕ್ಕ ಮತ್ತು ನಾನು ಆ ತಿಂಗಳ ಕೊನೆಯ ಭಾನುವಾರದ ಮಳೆಗಾಲದ ಸೈಕಲ್ ಸ್ಪರ್ಧೆಗೆ ಜೋಡಿಯಾಗಿ ಹೆಸರು ಕೊಟ್ಟಿದ್ದೆವು. ಮೂವತ್ತೆರಡು ಕಿಲೋಮೀಟರ್ ಕೆಸರು. ಒಬ್ಬ ಗಂಡು, ಒಬ್ಬ ಹೆಣ್ಣು, ಇಬ್ಬರೂ ಜೊತೆಗೇ ಗುರಿ ಮುಟ್ಟಬೇಕು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರದೂ ಮುಗಿದ ಹಾಗೆ. ಹಿಂದಿನ ವರ್ಷ ಕೊನೆಯ ಆರು ಕಿಲೋಮೀಟರ್ ಇರುವಾಗ ಅವರ ಚೈನ್ ತುಂಡಾಗಿ ನಾವು ಟೆಂಪೋ ಹತ್ತಿ ವಾಪಸಾಗಿದ್ದೆವು. ಈ ಸಲ ಅಭ್ಯಾಸಕ್ಕೆಂದು ಅವರು ನಾಲ್ಕು ಭಾನುವಾರ ಬೇರೆಯವರ ಜೊತೆ ಶಿಫ್ಟ್ ಬದಲಾಯಿಸಿಕೊಂಡಿದ್ದರು. ಮುಂದಿನ ತಿಂಗಳಿಂದ ಹಾಗೆ ಬದಲಾಯಿಸಿಕೊಳ್ಳಲೂ ಆಗುವಂತಿರಲಿಲ್ಲ. ಅಂದರೆ ಅವರ ಪಾಲಿಗೆ ಸ್ಪರ್ಧೆ ಎಂದರೆ ಇದೇ.

ಸ್ಪರ್ಧೆಗೆ ಹನ್ನೆರಡು ದಿನ ಇರುವಾಗ ನನಗೆ ಕುರು ಎದ್ದಿತು. ಎಲ್ಲಿ ಎಂದು ಹೇಳಬೇಕಾಗಿಲ್ಲ, ಸೈಕಲ್ ಸೀಟಿನ ಮೇಲೆ ಮನುಷ್ಯ ಎಲ್ಲಿ ಕೂರುತ್ತಾನೋ ಅಲ್ಲಿ. ವಾರಗಟ್ಟಲೆ ಕೆಸರುನೀರಿನಲ್ಲಿ ನೆಂದ ಸಾಮಾನ್ಯ ಚಡ್ಡಿ, ಅದರೊಳಗೆ ಸಣ್ಣ ಮರಳು, ಅದರ ಮೇಲೆ ಎರಡೆರಡು ಗಂಟೆ ಉಜ್ಜಾಟ. ಇನ್ನೇನಾಗುತ್ತದೆ?

ಅದೇ ವಾರ ಕಾಲೇಜೊಂದರವರು ನನ್ನನ್ನು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಿದ್ದರು. ಮೂರು ಗಂಟೆ ಕಾಲ ನಿಂತೇ ಅಂಕ ಹಾಕಿದೆ. ಸಂಘಟಕರು ಕುರ್ಚಿ ಎಳೆದು ಎಳೆದು ಸುಸ್ತಾದರು. ಕೊನೆಗೆ ವಂದನಾರ್ಪಣೆ ಮಾಡಿದ ವಿದ್ಯಾರ್ಥಿನಿ, ಸ್ಪರ್ಧಿಗಳ ಗೌರವಾರ್ಥ ಇಡೀ ಹೊತ್ತು ನಿಂತೇ ಇದ್ದ ತೀರ್ಪುಗಾರರಿಗೆ ವಿಶೇಷ ಧನ್ಯವಾದ ಎಂದಳು. ಸಭಾಂಗಣದ ತುಂಬ ಚಪ್ಪಾಳೆ. ನಿಜ ಹೇಳುವ ಧೈರ್ಯ ನನಗಿರಲಿಲ್ಲ, ಕೈ ಮುಗಿದೆ.

ಡಾಕ್ಟರು ನೋಡಿ ಮಾತ್ರೆ, ಮುಲಾಮು ಬರೆದುಕೊಟ್ಟರು. ವಾರದಲ್ಲಿ ಇಳಿಯುತ್ತದೆ, ಆದರೆ ಚರ್ಮ ಹಸಿಯಾಗಿರುತ್ತದೆ ಎಂದರು. ಸ್ಪರ್ಧೆಯ ವಿಷಯ ತೆಗೆದೆ. ಕೆಸರುನೀರು ತಾಗಬಾರದು, ಬೆವರೂ ನಿಲ್ಲಬಾರದು, ಎರಡೂ ಸಾಧ್ಯವಿದ್ದರೆ ಹೋಗಿ, ಇಲ್ಲದಿದ್ದರೆ ಮುಂದಿನ ಸಲ ಬ್ಲೇಡಿನಿಂದ ಕೊಯ್ಯಬೇಕಾಗುತ್ತದೆ ಅಂದರು. ಒಂದೇ ದಿನದ ಮಾತಲ್ಲವೇ, ಸಂಭವ ಎಷ್ಟಿದೆ, ಆಧಾರವೇನು ಎಂದು ನಾನು ಹಿಡಿದುಕೊಂಡೆ. ಅವರು ಚೀಟಿ ನನ್ನ ಕಡೆ ತಳ್ಳಿದರು.

"ವಾದ ನನ್ನ ಹತ್ರ ಅಲ್ಲ, ಆ ಕುರು ಹತ್ರ ಮಾಡಿ."

ಭಾಗ್ಯಕ್ಕನಿಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಗೊತ್ತಿತ್ತು. ಮೊದಲು ವಾಸಿ ಮಾಡಿಕೋ, ಆಮೇಲೆ ನೋಡೋಣ ಎಂದು ಒಳಗೆ ಹೋದರು.

ಕುರು ಇಳಿದ ಮೇಲೆ ನಾಚಿಕೆ ಬಿಟ್ಟು ಹರ್ಷನ ಬಳಿ ಹೋದೆ. ಅವನು ಅಂದಿನ ಮಾತನ್ನು ಎತ್ತದೆಯೇ ತನ್ನ ಚಡ್ಡಿ ತಂದುಕೊಟ್ಟ. ಜಿಟಿಜಿಟಿ ಮಳೆಯಲ್ಲಿ ಒಂದು ಗಂಟೆ ಹೋಗಿ ಬಂದೆ. ಹೊರಗಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಒಳಗೆ ಮಾತ್ರ ಬೆವರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಹಸಿ ಚರ್ಮ ಚುರುಗುಟ್ಟುತ್ತಿತ್ತು. ನಾನು ಟೀ ಅಂಗಡಿಯಲ್ಲಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಗೆದ್ದ ವಾದದಿಂದ ಅಷ್ಟು ದುಃಖವಾಗಿದ್ದು ಅದೇ ಮೊದಲು.

ಸ್ಪರ್ಧೆಗೆ ಐದು ದಿನ ಇತ್ತು. ಮಂಗಳವಾರ ನಮ್ಮ ಸೀನಿಯರ್ ವಕೀಲರ ಫೈಲ್ ಚೀಲದ ಜಿಪ್ ಕಿತ್ತುಹೋಗಿ, ಅದನ್ನು ಲಷ್ಕರ್ ಮೊಹಲ್ಲಾದಲ್ಲಿ ಸರಿ ಮಾಡಿಸಿಕೊಂಡು ಬಾ ಎಂದು ಕಳಿಸಿದರು. ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಸಣ್ಣ ಮಳಿಗೆ. ಮಹದೇವಮ್ಮ ಎಂಬ ಅರವತ್ತು ದಾಟಿದ ಹೆಂಗಸು ಅಲ್ಲಿ ಚೀಲ, ಛತ್ರಿ, ರೇನ್‌ಕೋಟು ಹೊಲಿಯುತ್ತಿದ್ದರು. ಜಿಪ್ ಹಾಕಲು ಅರ್ಧ ಗಂಟೆ ಆಗುತ್ತದೆ, ಸ್ಟೂಲಿದೆ ಕೂತುಕೋ ಎಂದರು. ಪರವಾಗಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೇಳಿದರು. ಮತ್ತೆ ಪರವಾಗಿಲ್ಲ ಎಂದೆ. ಮೂರನೇ ಸಲ ಮೆಷಿನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

"ಯಾಕಪ್ಪ, ನಮ್ಮ ಸ್ಟೂಲು ನಿಂಗೆ ಆಗಕ್ಕಿಲ್ವಾ?"

ಹಾಗೆ ಕೇಳಿದ ಮೇಲೆ ಹೇಳದೆ ವಿಧಿ ಇರಲಿಲ್ಲ. ಕುರು, ಡಾಕ್ಟರು, ಹರ್ಷನ ಚಡ್ಡಿ, ಭಾಗ್ಯಕ್ಕನ ನಾಲ್ಕು ಭಾನುವಾರ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ವಾಟರ್‌ಪ್ರೂಫ್ ಬಟ್ಟೆಯ ಪರ ಏನಿದೆ, ವಿರೋಧ ಏನಿದೆ ಎಂಬುದನ್ನೂ ಬಿಡಿಸಿಟ್ಟೆ. ಅವರು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ: ನೀರು ಎಲ್ಲಿಂದ ಬೀಳುತ್ತದೆ? ಮಳೆಯಲ್ಲವೇ ಅಮ್ಮ, ಮೇಲಿಂದ, ಎದುರಿನಿಂದ ಎಂದೆ.

"ನೋಡಿದ್ದೀಯಾ?"

ನೋಡಿರಲಿಲ್ಲ. ಯಾರು ತಾನೇ ಸೈಕಲ್ ತುಳಿಯುತ್ತ ತಮ್ಮ ಹಿಂಭಾಗವನ್ನು ನೋಡಿಕೊಳ್ಳುತ್ತಾರೆ? ನಾಳೆ ಸೈಕಲ್ಲು, ಒಂದು ಒಣ ಕಪ್ಪು ಚಡ್ಡಿ ಎರಡನ್ನೂ ತೆಗೆದುಕೊಂಡು ಬಾ ಎಂದರು.

ಮರುದಿನ ಹೋದೆ. ಬೆಳಿಗ್ಗೆ ಮಳೆಯಾಗಿ ಆ ಬೀದಿಯ ಹೊಂಡಗಳೆಲ್ಲ ತುಂಬಿದ್ದವು. ನಾನು ತಂದ ಚಡ್ಡಿಯ ಮೇಲೆಲ್ಲ ಮಹದೇವಮ್ಮ ಗುರುತು ಹಾಕುವ ಸೀಮೆಸುಣ್ಣವನ್ನು ಅಡ್ಡಡ್ಡ ಹಿಡಿದು ಉಜ್ಜಿದರು. ಕಪ್ಪು ಹೋಗಿ ಬೂದಿ ಬಳಿದ ಹಾಗಾಯಿತು. ಅದನ್ನು ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಾ ಅಂದರು. ನಾನು ನೋವಿಗೆ ಹೆದರಿ ಪೆಡಲಿನ ಮೇಲೆ ನಿಂತು ಹೊರಟೆ. ಹಿಂದಿನಿಂದ ಕೂಗು ಕೇಳಿಸಿತು, ನಿಂತಲ್ಲ, ಕೂತು ಓಡಿಸು, ಹೊಂಡ ತಪ್ಪಿಸಬೇಡ. ಪಾತ್ರೆ ಅಂಗಡಿಯವರು, ಹಣ್ಣು ಮಾರುವವರು ಎಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬೇಕೆಂದೇ ಒಂದೊಂದು ಹೊಂಡಕ್ಕೂ ಇಳಿಯುವ ಲಾಯರನ್ನು ಅವರು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ.

ವಾಪಸು ಬಂದು, ನೋಡಿ ಅಮ್ಮ, ಇದು ನಿಜವಾದ ಪರೀಕ್ಷೆ ಆಗುವುದಿಲ್ಲ, ಏಕೆಂದರೆ ಮೇಲಿಂದ ಮಳೆ ಇಲ್ಲ ಎಂದು ಶುರು ಮಾಡಿದೆ.

"ಮಾತು ಆಮೇಲೆ ಆಡೀವಂತೆ. ತಿರುಗು ಕಣಪ್ಪ."

ಬೀದಿಗೆ ಮುಖ ಮಾಡಿ ತಿರುಗಿ ನಿಂತೆ. ಹಣ್ಣಿನವರೂ ಬಂದು ನೋಡಿ ಅಭಿಪ್ರಾಯ ಹೇಳಿದರು. ಮಳಿಗೆಯ ಒಳಗೆ ಹೋಗಿ ಬಟ್ಟೆ ಬದಲಿಸಿ ನೋಡಿದಾಗ ನನಗೇ ನಂಬಿಕೆಯಾಗಲಿಲ್ಲ. ಮುಂಭಾಗದ ಸುಣ್ಣ ಹಾಗೇ ಇತ್ತು. ಹಿಂದೆ, ನಟ್ಟನಡುವೆ, ಸೊಂಟದವರೆಗೆ ಒಂದು ಗೇಣು ಅಗಲದ ಪಟ್ಟಿ ತೊಳೆದುಹೋಗಿ ಕಪ್ಪಾಗಿತ್ತು. ತೊಡೆಗಳ ಒಳಬದಿಯಲ್ಲಿ ಅಂಥದ್ದೇ ಎರಡು ಗುರುತು. ನೀರು ಬರುತ್ತಿದ್ದದ್ದು ಮೇಲಿಂದಲ್ಲ, ಹಿಂದಿನ ಚಕ್ರದಿಂದ, ಕೆಳಗಿನಿಂದ. ಟೀ ಅಂಗಡಿಯಲ್ಲಿ ಅಷ್ಟು ಜನ ಅಷ್ಟು ಹೊತ್ತು ವಾದ ಮಾಡಿದ್ದೆವು. ಪರ ಇದ್ದವರಿಗೂ ವಿರೋಧ ಇದ್ದವರಿಗೂ ಇದು ಹೊಳೆದಿರಲಿಲ್ಲ. ಹಾಗಾದರೆ ಮಡ್‌ಗಾರ್ಡ್ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು, ಆದರೆ ಸ್ಪರ್ಧೆಯ ದಾರಿಯ ಅಂಟುಮಣ್ಣು ಅದರೊಳಗೆ ಸೇರಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ನಿಜವಾದ ಮಳೆ ಬಂದರೆ ಮುಂದೆಯೂ ನೆನೆಯುತ್ತದಲ್ಲ ಎಂದೆ.

"ನೆನೀಲಿ ಬುಡು. ಮುಂದೆ ನೆಂದ್ರೆ ಗಾಳಿ ಆರಿಸ್ತದೆ. ಹಿಂದೆ ನೆಂದ್ರೆ ನೀನು ಅದ್ರ ಮ್ಯಾಲೇ ಕೂತಿರ್ತೀಯ."

ಮತ್ತೆ ವಾದಕ್ಕಿಳಿಯದೆ ಚಡ್ಡಿಯನ್ನು ಅವರ ಕೈಗೆ ಕೊಟ್ಟೆ.

ಎರಡು ದಿನ ಕೂತು ಅವರು ನನ್ನ ಸಾಮಾನ್ಯ ಚಡ್ಡಿಗೆ, ಸುಣ್ಣ ತೊಳೆದುಹೋದಷ್ಟೇ ಜಾಗಕ್ಕೆ, ಛತ್ರಿಯ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಹಾಕಿದರು. ಉಳಿದ ಕಡೆ ಗಾಳಿ ಆಡುವ ಹಳೆಯ ಬಟ್ಟೆಯೇ. ಹೊಲಿಗೆಯ ತೂತಿನಿಂದ ನೀರು ಇಳಿಯಬಾರದೆಂದು ದಾರವನ್ನು ಮೇಣದಬತ್ತಿಗೆ ಉಜ್ಜಿ ಉಜ್ಜಿ ಎಳೆದರು. ಕೂರುವ ಜಾಗದಲ್ಲಿ ಒಂದು ಹೊಲಿಗೆಯೂ ಬರದ ಹಾಗೆ ಎಲ್ಲವನ್ನೂ ಅಂಚಿಗೆ ತಳ್ಳಿದ್ದರು. ಬೇರೆಯವರ ಎರಡು ರೇನ್‌ಕೋಟು ಪಕ್ಕಕ್ಕಿಟ್ಟು ನನ್ನದನ್ನು ಮುಗಿಸಿದ್ದರು ಎಂದು ಆಮೇಲೆ ಗೊತ್ತಾಯಿತು. ಯಾಕೆ ಎಂದರೆ, ಆ ಹುಡುಗಿ ನಾಲ್ಕು ಭಾನುವಾರ ಮನೆಯಲ್ಲಿ ಕೂರದೆ ಬಂದಿದ್ದಾಳಲ್ಲ ಎಂದರು. ಅವರು ಭಾಗ್ಯಕ್ಕನ ಮುಖವನ್ನೂ ನೋಡಿರಲಿಲ್ಲ.

ಭಾನುವಾರ ಮಳೆ ಬೆಳಿಗ್ಗೆಯಿಂದಲೇ ಹಿಡಿದಿತ್ತು. ಹೊರಟ ಹತ್ತು ನಿಮಿಷದಲ್ಲೇ ಬೂಟು, ಕಾಲುಚೀಲ, ತೊಡೆ, ಬೆನ್ನು ಎಲ್ಲ ತೊಯ್ದವು. ಹದಿನೈದನೇ ಕಿಲೋಮೀಟರಿನಲ್ಲಿ ಭಾಗ್ಯಕ್ಕ ಪಕ್ಕಕ್ಕೆ ಬಂದು, ಹೆಂಗಿದೆಯೋ ಅಂದರು. ನಾನು ಯೋಚಿಸಿ ನೋಡಬೇಕಾಯಿತು. ಉರಿ ಇರಲಿಲ್ಲ. ಮರಳಿನ ಉಜ್ಜಾಟ ಇರಲಿಲ್ಲ. ಆ ಒಂದು ಜಾಗದ ನೆನಪೇ ಇರಲಿಲ್ಲ. ಸರಿಯಾಗಿದೆ ಎಂದೆ. ಅವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ, ಮುಂದೆ ಹೋದರು. ಇಪ್ಪತ್ತಾರನೇ ಕಿಲೋಮೀಟರಿನ ಹತ್ತಿರ ಇಬ್ಬರೂ ಸೈಕಲ್ ಹೆಗಲ ಮೇಲೆ ಹೊತ್ತು ಒಂದು ಹಳ್ಳ ದಾಟಿದೆವು. ಕೊನೆಯ ಇಳಿಜಾರಿನಲ್ಲಿ ಅವರು ಒಮ್ಮೆ ಜಾರಿ ಬಿದ್ದು ಎದ್ದರು. ನಮಗಿಂತ ಹಿಂದೆ ಉಳಿದಿದ್ದದ್ದು ಮೂರೋ ನಾಲ್ಕೋ ಜೋಡಿ. ಆದರೆ ಗಡುವಿನೊಳಗೆ, ಜೊತೆಗೇ, ಗುರಿ ಮುಟ್ಟಿದೆವು.

ಭಾಗ್ಯಕ್ಕ ಹೆಲ್ಮೆಟ್ ತೆಗೆದು ಕೆಸರಿನ ಮೇಲೆಯೇ ಕೂತುಬಿಟ್ಟರು. ಮುಖದ ಮೇಲೆ ಮಳೆಯ ನೀರು ಯಾವುದು, ಕಣ್ಣೀರು ಯಾವುದು ಹೇಳುವ ಹಾಗಿರಲಿಲ್ಲ. ನಾನು ಕ್ಷಮೆ ಕೇಳಲು ಎರಡು ವಾರದಿಂದ ತಯಾರಿ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆದರು.

"ಮೂವತ್ತೆರಡು ಕಿಲೋಮೀಟರು ನೀನು ಬಾಯಿ ಮುಚ್ಕೊಂಡಿದ್ದೆ ಕಣೋ. ಅಷ್ಟು ಸಾಕು ನಂಗೆ."

ಸೋಮವಾರ ಸಂಜೆ ಒಗೆದ ಚಡ್ಡಿ ಹಿಡಿದುಕೊಂಡು ಲಷ್ಕರ್ ಮೊಹಲ್ಲಾಗೆ ಹೋದೆ. ನಾವು ಮುಗಿಸಿದ ಸುದ್ದಿ ಹೇಳಿದೆ. ಒಳ್ಳೇದಾಯ್ತು ಬುಡು ಎಂದು ಮಹದೇವಮ್ಮ ಚಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದು, ಒಗೆದರೂ ಹೋಗದ ಕೆಮ್ಮಣ್ಣಿನ ಕಲೆಯನ್ನು ಹುಡುಕತೊಡಗಿದರು. ಎಲ್ಲಿ ನೀರು ಒಳಗಿಳಿದಿದೆ ಎಂದು. ಎಡತೊಡೆಯ ಬಳಿ ಒಂದು ಸಣ್ಣ ಕಲೆ ಸಿಕ್ಕಿತು. ಅವರ ಮುಖ ಸಪ್ಪಗಾಯಿತು. ಇಲ್ಲಿ ಒಂದಿಂಚು ಕಮ್ಮಿ ಕತ್ತರಿಸಿಬಿಟ್ಟಿದ್ದೇನೆ, ನಂದೇ ತಪ್ಪು ಎಂದರು. ನನಗೆ ಅದು ಗೊತ್ತೇ ಆಗಿರಲಿಲ್ಲ. ಏನೂ ತೊಂದರೆಯಾಗಲಿಲ್ಲ ಅಮ್ಮ, ಸ್ಪರ್ಧೆಯೂ ಮುಗಿಯಿತಲ್ಲ, ಈಗ ಯಾಕೆ ಎಂದೆ.

"ಸ್ಪರ್ಧೆ ಮುಗೀತು. ಮಳೆ ಮುಗೀತಾ?"

ಆಗಲೇ ಹೊಲಿಗೆ ಬಿಚ್ಚಲು ಶುರು ಮಾಡಿದ್ದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದೆ. ಎದುರಿನವರ ಮಾತಿನಲ್ಲಿ ತಪ್ಪು ಹುಡುಕುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೆ, ಅದಕ್ಕೆ ಬಹುಮಾನಗಳನ್ನೂ ತೆಗೆದುಕೊಂಡಿದ್ದೆ. ಎಲ್ಲ ಸರಿಯಾಗಿದೆ ಎಂದು ಎದುರಿನವನೇ ಒಪ್ಪಿಕೊಂಡ ಮೇಲೂ ತನ್ನ ಕೆಲಸದಲ್ಲಿ ತಪ್ಪು ಹುಡುಕುವವರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮಳೆಯಲ್ಲಿ ಆ ಚಡ್ಡಿ ಏರಿಸಿಕೊಂಡು ಹೊರಡುವಾಗಲೆಲ್ಲ ಆ ತಾಯಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೋಗುತ್ತದೆ. ಅದಕ್ಕೆ ಪರ, ವಿರೋಧ ಏನೂ ಇಲ್ಲ.