ನದಿ ದಾಟುವವರಿಗೆ ದಾರಿ ಬಿಟ್ಟ ದೊರೆ

ಕಳೆದ ವಾರ ಮೆಲ್ಬರ್ನಿನ ವೆರಿಬೀಯ ಚೈನೀಸ್ ಅಂಗಡಿಯಲ್ಲಿ ಸೋಯಾ ಸಾಸ್ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸಣ್ಣ ಬಾಟಲಿ ತೆಗೆದು ಹಣೆಗೆ ಎಣ್ಣೆ ಹಚ್ಚಿಕೊಂಡರು. ಕರ್ಪೂರ, ನೀಲಗಿರಿ, ಅದರೊಳಗೆ ಇನ್ಯಾವುದೋ ಹೂವು... ನನಗರಿವಿಲ್ಲದೆ ನನ್ನ ಬಲಗಾಲು ನೆಲ ಒತ್ತಿತು, ಬ್ರೇಕ್ ಹಾಕುವ ಹಾಗೆ.

ಅದು ನನ್ನ ಡ್ರೈವಿಂಗ್ ಮಾಸ್ತರರ ವಾಸನೆ. ಎರಡು ಸಾವಿರದ ದಶಕದ ನಡುವಿನ ಮಾತು. ಆಗ ನಾವು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿದ್ದೆವು. ಮಾಸ್ತರರು ಅರವತ್ತು ದಾಟಿದ ಚೀನೀಯರು. ತಮ್ಮ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವರು ಇಲ್ಲಿ ಕಾರು ಕಲಿಸುತ್ತಿದ್ದರು. ಪಾಠ ಶುರು ಮಾಡುವ ಮುಂಚೆ ಹಣೆಗೆ ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನನ್ನ ಪಾಠವಾದರೆ ಮುಗಿದ ಮೇಲೂ ಒಮ್ಮೆ ಹಚ್ಚಿಕೊಳ್ಳಬೇಕಾಗುತ್ತಿತ್ತು.

ನನಗೆ ಲೈಸೆನ್ಸ್ ಬೇಕೇ ಬೇಕಿತ್ತು. ಧಾರವಾಡದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು ಇಲ್ಲಿಗೆ ಬಂದು ಒಂದು ಕೇಟರಿಂಗ್ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಕೊನೆಗೂ ಸಿಡ್ನಿಯದೇ ಲಿವರ್‌ಪೂಲ್ ಕಡೆಯ ಒಂದು ಲ್ಯಾಬಿನವರು ಕೆಲಸ ಕೊಡಲು ಒಪ್ಪಿದರು. ಆದರೆ ನಸುಕಿನ ಶಿಫ್ಟು. ಆ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವ ರೈಲೂ ಇಲ್ಲ, ಬಸ್ಸೂ ಇಲ್ಲ. ತಿಂಗಳೊಳಗೆ ಲೈಸೆನ್ಸ್ ತಂದರೆ ಸರಿ, ಇಲ್ಲವಾದರೆ ಮತ್ತೆ ಉಳ್ಳಾಗಡ್ಡಿಯೇ ಗತಿ.

ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದೆ. ಜೋರಾಗಿ ಓಡಿಸಿ ಅಲ್ಲ, ಓಡಿಸದೆ! ರೌಂಡ್‌ಅಬೌಟ್, ಅದೇ ಸಿಗ್ನಲ್ಲಿಲ್ಲದ ಸರ್ಕಲ್ಲು, ಬಂದರೆ ಸಾಕು, ನಿಲ್ಲುತ್ತಿದ್ದೆ. ದೂರದಲ್ಲಿ ಒಂದು ಕಾರು ಕಂಡರೂ ಅದು ಹೋಗಲಿ. ಅದರ ಹಿಂದೆ ಇನ್ನೊಂದು, ಅದೂ ಹೋಗಲಿ. ಕೈಯಾಡಿಸಿ ಅವರನ್ನು ಕಳಿಸಿಯೂ ಕೊಡುತ್ತಿದ್ದೆ. ನಮ್ಮ ಕಡೆ ಬಾಗಿಲಲ್ಲಿ ಇಬ್ಬರು ಎದುರಾದರೆ "ನೀವು ಹೋಗ್ರಿ", "ಇಲ್ಲ, ಮೊದಲ ನೀವು ಹೋಗ್ರಿ" ಎನ್ನುವುದರಲ್ಲೇ ಚಹಾ ಆರಿಹೋಗುತ್ತದೆ. ಅದೇ ಜನ ಗಾಡಿ ಹತ್ತಿದರೆ ಹುಲಿಯಾಗುತ್ತಾರೆ ನಿಜ, ಆದರೆ ಊರಲ್ಲಿ ನಾನು ಗಾಡಿ ಹತ್ತಿದವಳೇ ಅಲ್ಲ.

"ನಿಂತದ್ದಕ್ಕ ಫೇಲ್ ಮಾಡ್ಯಾರ?" ನನ್ನ ಗಂಡ ಬಾಯಿ ಬಿಟ್ಟುಕೊಂಡು ಕೇಳಿದರು. "ಅಲ್ಲ, ಇಷ್ಟು ಮರ್ಯಾದಿ ಇಟಗೊಂಡು ನೀ ರಸ್ತಾಕ್ಕ ಯಾಕ ಹೋಗ್ತಿ? ಮನ್ಯಾಗ ಒಂದೀಟು ತೋರ್ಸು."

ಎರಡನೆಯ ಸಲ ಫೇಲಾದ ದಿನ ಮಾಸ್ತರರು ಕಾರು ಪಕ್ಕಕ್ಕೆ ಹಾಕಿಸಿದರು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಬ್ಬರದೂ ಅಷ್ಟಕ್ಕಷ್ಟೇ. "ನೀನು ಸಾಂಗ್ ದೊರೆ" ಎಂದರು. ನಾನು ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಹೇಳಿದೆ.

ಹೊಗಳಿಕೆಯಾಗಿರಲಿಲ್ಲ. ಆಮೇಲಿನ ಪಾಠಗಳಲ್ಲಿ ಒಂದೊಂದು ಕೆಂಪು ಸಿಗ್ನಲ್ಲಿಗೆ ಒಂದೊಂದು ತುಂಡಿನಂತೆ ಆ ದೊರೆಯ ಚರಿತ್ರೆ ಇಳಿಯಿತು. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಸಾಂಗ್ ಎಂಬ ಸಣ್ಣ ರಾಜ್ಯ. ತಂದೆ ಸಾಯುವಾಗ ರಾಜಕುಮಾರ ತನ್ನ ಮಲಣ್ಣನೇ ಪಟ್ಟಕ್ಕೆ ಬರಲಿ ಎಂದನಂತೆ. ಅಣ್ಣ ಒಲ್ಲೆ ಎಂದದ್ದಕ್ಕೆ ರಾಜಕುಮಾರನೇ ಪಟ್ಟಕ್ಕೆ ಬಂದ. ಸಿಂಹಾಸನದ ಮುಂದೆಯೂ "ಮೊದಲ ನೀವು" ಎಂದವನು! ನನಗೆ ಅವನು ನಮ್ಮ ಧಾರವಾಡದವನೇ ಅನ್ನಿಸಿದ.

ದೊರೆಯಾದ ಮೇಲೆ ಅಣ್ಣನನ್ನೇ ಮಂತ್ರಿ ಮಾಡಿಕೊಂಡ. ಎಲ್ಲ ಅರಸರಿಗೂ ತಾನು ಹಿರಿಯನಾಗಬೇಕೆಂಬ ಆಸೆ ಹುಟ್ಟಿತು. ಅರಸರದೊಂದು ಸಭೆ ಕರೆದ. ಸೈನ್ಯ ತರುವುದಿಲ್ಲವೆಂದು ಮಾತು ಕೊಟ್ಟಿದ್ದನಾದ್ದರಿಂದ ಅಣ್ಣ ಎಷ್ಟು ಹೇಳಿದರೂ ಬರಿಗೈಲಿ ಹೋದ. ತೆಂಕಣದ ದೊಡ್ಡ ರಾಜ ಸೈನ್ಯ ಸಮೇತ ಬಂದು ಅವನನ್ನು ಹಿಡಿದುಕೊಂಡು ಹೋದ.

"ಪಾಪ!" ಎಂದೆ.

"ಪಾಪ ಅಲ್ಲ, ಮಿರರ್ ನೋಡು. ಸಿಗ್ನಲ್ ಬಿಟ್ಟಿದೆ."

ಬಿಡುಗಡೆಯಾಗಿ ಬಂದವನಿಗೆ ಮತ್ತೆ ಅದೇ ರಾಜನ ಜೊತೆ ಯುದ್ಧ. ಶತ್ರುಗಳು ನದಿ ದಾಟುತ್ತಿದ್ದರು. ಈಗಲೇ ಹೊಡೆಯೋಣ ಎಂದ ಅಣ್ಣ. ದೊರೆ, ಪಾಪ, ದಾಟಲಿ ಎಂದ. ದಾಟಿದರು, ಆದರೆ ಇನ್ನೂ ಚೆಲ್ಲಾಪಿಲ್ಲಿಯಾಗಿದ್ದರು. ಈಗಲಾದರೂ ಹೊಡೆ ಎಂದ ಅಣ್ಣ. ಸಾಲಾಗಿ ನಿಲ್ಲಲಿ ಎಂದ ದೊರೆ. ಸಾಲಾಗಿ ನಿಂತರು. ಆಮೇಲೆ ಇವನ ಸೈನ್ಯವನ್ನು ಚೆಂಡಾಡಿದರು. ದೊರೆಯ ತೊಡೆಗೂ ಗಾಯವಾಯಿತು.

"ನಮ್ಮಲ್ಲಿ ಶಾಲೆಯ ಮಕ್ಕಳೂ ಅವನನ್ನು ನೋಡಿ ನಗುತ್ತಾರೆ" ಎಂದರು ಮಾಸ್ತರರು. ನನಗೆ ಸಿಟ್ಟು ಬಂತು. ತಾಳಿದವನು ಬಾಳಿಯಾನು ಎಂದು ನಮ್ಮಲ್ಲೊಂದು ಗಾದೆಯಿದೆ ಎಂದು ಕಷ್ಟಪಟ್ಟು ಇಂಗ್ಲಿಷಿಗೆ ಇಳಿಸಿದೆ. ಅವರು "ರೌಂಡ್‌ಅಬೌಟ್‌ನಲ್ಲಿ ಅಲ್ಲ" ಎಂದರು. ಅಂದಿನಿಂದ ನಾನು ಅನುಮಾನಿಸಿದ ಕಡೆಯೆಲ್ಲ "ನದಿ! ನದಿ!" ಎಂದು ಕೂಗತೊಡಗಿದರು.

ಮೂರನೆಯ ಟೆಸ್ಟಿನ ದಿನ ರೌಂಡ್‌ಅಬೌಟ್ ಬಂತು. ದೂರದಲ್ಲೊಂದು ಬಿಳಿ ವ್ಯಾನು. ನನ್ನ ಕೈ ಆಗಲೇ "ಹೋಗ್ರಿ" ಎನ್ನಲು ಮೇಲೇಳುತ್ತಿತ್ತು. "ನದಿ!" ಎಂದು ಕನ್ನಡದಲ್ಲಿ ನಾನೇ ಕೂಗಿ ಆಕ್ಸಿಲರೇಟರ್ ಒತ್ತಿದೆ. ಪಕ್ಕದಲ್ಲಿದ್ದ ಪರೀಕ್ಷಕಿ ಬೆಚ್ಚಿಬಿದ್ದು ಏನೆಂದು ಕೇಳಿದಳು. ನಮ್ಮ ದೇವರ ಹೆಸರು ಎಂದುಬಿಟ್ಟೆ. ಪಾಸಾದೆ.

ಕುಣಿದಾಡಿ ಮುಗಿದ ಮೇಲೆ ಅಳು ಬಂತು. ಮನೆಯಲ್ಲಿದ್ದದ್ದು ಒಂದೇ ಕಾರು, ಅದನ್ನು ನಸುಕಿನಲ್ಲೇ ಗಂಡ ಬೇರೆ ದಿಕ್ಕಿಗೆ ಒಯ್ಯುತ್ತಿದ್ದರು. ಇನ್ನೊಂದು ಕೊಳ್ಳುವ ತಾಕತ್ತು ಆಗ ನಮಗಿರಲಿಲ್ಲ. ಇದನ್ನು ಮಾಸ್ತರರಿಗೆ ಹೇಳಿದ್ದೆನೋ, ಅವರೇ ಊಹಿಸಿದರೋ... ಮರುದಿನ ಒಂದು ಹಳೆಯ ಕಾರು ನಮ್ಮ ಮನೆಯ ಮುಂದೆ ನಿಂತಿತು. ತೀರಿಹೋದ ಅವರ ಹೆಂಡತಿಯದು. ಕೀಲಿಕೈ ಮುಂದೆ ಚಾಚಿದರು.

"ಅಯ್ಯ, ಬ್ಯಾಡ್ರಿ ಸರ್, ಬ್ಯಾಡ್ರಿ!" ಗಾಬರಿಯಲ್ಲಿ ಕನ್ನಡವೇ ಬಂತು.

ಅವರು ಕೈ ಹಿಂದೆ ತೆಗೆಯಲಿಲ್ಲ. ಗೇಟಿನ ಬಳಿ ನಿಂತೇ ಉಳಿದ ಕಥೆ ಹೇಳಿದರು. ಸೋತ ದೊರೆ ಗಾಯದಿಂದ ನರಳುತ್ತಿದ್ದಾಗ ದೇಶ ಬಿಟ್ಟು ಓಡಿಬಂದ ಒಬ್ಬ ರಾಜಕುಮಾರ ಅವನ ಊರಿಗೆ ಬಂದ. ದಾರಿಯಲ್ಲಿ ಅವನನ್ನು ಅವಮಾನಿಸಿ ಕಳಿಸಿದವರೇ ಹೆಚ್ಚು. ಈ ದೊರೆ ಮಾತ್ರ ಆದರಿಸಿ ಎಂಬತ್ತು ಕುದುರೆ ಕೊಟ್ಟ. ರಾಜಕುಮಾರ ಮುಂದೆ ಅರಸರಿಗೆಲ್ಲ ಹಿರಿಯನಾದ. ಅದನ್ನು ನೋಡಲು ದೊರೆ ಉಳಿದಿರಲಿಲ್ಲ.

"ಇದನ್ನೂ ಮಕ್ಕಳಿಗೆ ಹೇಳುತ್ತಿದ್ದಿರಾ?"

"ಇಲ್ಲ. ಪರೀಕ್ಷೆಗೆ ಬರುವುದು ನದಿ ಮಾತ್ರ" ಎಂದು ನಕ್ಕರು. "ನನ್ನ ಹತ್ತಿರ ಎಂಬತ್ತು ಇಲ್ಲ. ಇದೊಂದೇ. ಎಸಿ ಕೆಲಸ ಮಾಡಲ್ಲ."

ಆರೇಳು ತಿಂಗಳು ಬೆವರುತ್ತ ಅದೇ ಕಾರಿನಲ್ಲಿ ಕೆಲಸಕ್ಕೆ ಹೋದೆ. ಆಮೇಲೆ ನಮ್ಮದೇ ಕಾರು ಬಂತು, ಅವರದನ್ನು ತೊಳೆದು ಹಿಂದಿರುಗಿಸಿದೆ. ಮೆಲ್ಬರ್ನಿಗೆ ಬಂದ ಮೇಲೆ ಫೋನು ಕಡಿಮೆಯಾಯಿತು. ಅವರು ತೀರಿಹೋದ ಸುದ್ದಿ ಅವರ ಬಳಿ ಕಲಿತ ಇನ್ನೊಬ್ಬಳಿಂದ ತಡವಾಗಿ ತಿಳಿಯಿತು. ಈಗ ನಾನೇ ಒಂದು ಲ್ಯಾಬ್ ನಡೆಸುವ ಮಟ್ಟಕ್ಕೆ ಬಂದಿದ್ದೇನೆ. ಇದನ್ನು ಅವರಿಗೆ ಹೇಳಬೇಕಿತ್ತು ಎಂದು ಬಹಳ ಸಲ ಅನ್ನಿಸಿದೆ, ಸಂಕಟವಾಗಿದೆ.

ಆ ದೊರೆಯ ಹುಟ್ಟು, ಪಟ್ಟ, ಸೋಲು, ಸಾವು ಎಲ್ಲವನ್ನೂ ಕೆದಕಿ ಕೆದಕಿ ಕೇಳಿದ್ದೆ. ಮಾಸ್ತರರು ತಮ್ಮ ಊರು ಬಿಟ್ಟು ಈ ದೇಶದಲ್ಲಿ ಬಂದಿಳಿದಾಗ ಅವರಿಗೆ ಯಾರು ಕುದುರೆ ಕೊಟ್ಟರೋ, ಇಲ್ಲಾ ಯಾರೂ ಕೊಡಲಿಲ್ಲವೋ... ಅದೊಂದನ್ನು ಕೇಳಲೇ ಇಲ್ಲ.