ಬೆಕ್ಕಿಗೆ ಮಡಿಯಿಲ್ಲ

ಮದುವೆಯಾಗಿ ಮೈಲಾಪೂರಿನ ಮನೆಗೆ ಬಂದ ಎರಡನೆಯ ವರ್ಷ ನನಗೆ ಮಗಳು ಹುಟ್ಟಿದಳು. ಅವಳಿಗೆ ಹತ್ತು ತಿಂಗಳಾಗಿದ್ದಾಗ ಒಂದು ಬೂದು ಬೆಕ್ಕು ನಮ್ಮ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ, ಮೂರು ಮರಿ ಹಾಕಿತು. ಒಂದೇ ಮನೆಯಲ್ಲಿ ಇಬ್ಬರು ತಾಯಂದಿರು. ಇಬ್ಬರಲ್ಲಿ ಚೆನ್ನಾಗಿ ಸಾಕಿದ್ದು ಬೆಕ್ಕು. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು.

ಗಂಡನ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ವೈಷ್ಣವರು. ಮಾತು ಅರ್ಧ ತಮಿಳಾಗಿತ್ತು, ಮಡಿ ಮಾತ್ರ ಒಂದೆಳೆಯೂ ಸಡಿಲವಾಗಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಕೋಲಿನಿಂದ ಒಣಹಾಕಿದ್ದ ಸೀರೆಯನ್ನು ಉಟ್ಟರೆ, ದೇವರ ನೈವೇದ್ಯ ಮುಗಿಯುವವರೆಗೆ ಮಡಿಯಲ್ಲಿಲ್ಲದ ಯಾರನ್ನೂ ಮುಟ್ಟುವಂತಿಲ್ಲ. ನಾನು ಕುಂದಾಪುರದ ಕಡೆಯವಳು, ಅಪ್ಪನದು ಕೋಡಂಬಾಕ್ಕಂನಲ್ಲಿ ಸಣ್ಣ ಹೋಟೆಲು. "ಹೋಟ್ಲವರ ಮನೆ ಹುಡುಗಿ, ಇವಳಿಗೆ ಮಡಿಗಿಡಿ ಏನು ತಿಳಿಯುತ್ತೆ" ಎಂದು ಗಂಡನ ಸೋದರತ್ತೆ ಮದುವೆಯ ಮಂಟಪದಲ್ಲೇ ಅಂದಿದ್ದರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಇವರೆಲ್ಲರಿಗಿಂತ ಒಂದು ಕೈ ಮೇಲಾಗಿ ಮಡಿ ಮಾಡಿ ತೋರಿಸುತ್ತೇನೆ ಎಂದು ಹಠ ಹಿಡಿದೆ. ಹಾಗಾಗಿ ಪ್ರತಿದಿನ ಮಧ್ಯಾಹ್ನದವರೆಗೆ ನನ್ನ ಮಗು ಮನೆಕೆಲಸದವಳ ಸೊಂಟದ ಮೇಲಿರುತ್ತಿತ್ತು. ಅವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ತಮಿಳಿನವಳು. ಎಲ್ಲರೂ ಆಯಾ ಅನ್ನುತ್ತಿದ್ದರು.

ಒಲೆಯ ಮುಂದೆ ನಿಂತರೆ ಬಾಲ್ಕನಿ ಕಾಣುತ್ತಿತ್ತು. ಬೆಕ್ಕು ಕಣ್ಣು ಬಿಡದ ಮರಿಗಳನ್ನು ಒಂದೊಂದಾಗಿ ಕಾಲಿನಡಿ ಒತ್ತಿಟ್ಟುಕೊಂಡು ತಲೆಯಿಂದ ಬಾಲದವರೆಗೆ ನೆಕ್ಕುತ್ತಿತ್ತು. ಗಂಡು ಬೆಕ್ಕಿನ ವಾಸನೆ ಬಂದ ದಿನ ಮೂರನ್ನೂ ಕತ್ತು ಕಚ್ಚಿ ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಸಾಗಿಸಿತು. ಮರಿಗಳು ಓಡಾಡಲು ಕಲಿತ ಮೇಲೆ ಅರೆಜೀವದ ಇಲಿಯೊಂದನ್ನು ತಂದು ಅವುಗಳ ಮುಂದೆ ಬಿಟ್ಟು, ಹಿಡಿಯಿರಿ ಎಂಬಂತೆ ಪಕ್ಕಕ್ಕೆ ಸರಿದು ಕೂತಿತು. ನೋಡುತ್ತಾ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಬೀದಿ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು.

ಅದೇ ತಿಂಗಳು ಮಾವನವರ ಶ್ರಾದ್ಧ ಬಂತು. ಮಗಳಿಗೆ ಹಲ್ಲು ಬರುವ ಜ್ವರ. ಬೆಳಿಗ್ಗೆ ಎಂಟಕ್ಕೆ ಶುರುವಾದ ಅಳು ಹನ್ನೊಂದಾದರೂ ನಿಲ್ಲಲಿಲ್ಲ. ಆಯಾ ಅಡುಗೆಮನೆಯ ಹೊಸ್ತಿಲಿನಾಚೆ ನಿಂತು, "ಕೊಳಂದೆ ಉಂಗಳತಾನ್ ಕೇಕ್ಕುದುಮ್ಮಾ" ಎಂದಳು. ಮಗು ಕೇಳುತ್ತಿರುವುದು ನಿಮ್ಮನ್ನೇ ಎಂದು. ಮಗು ನನ್ನ ಕಡೆ ಎರಡೂ ಕೈ ಚಾಚಿತ್ತು. ಅದರ ಅಳು ಕೇಳಿ ಎದೆಯ ಹಾಲು ಇಳಿದು ರವಿಕೆ ಒದ್ದೆಯಾಯಿತು. ಮೈಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಆ ಹೊತ್ತಿಗೆ ಬಾಲ್ಕನಿಯಲ್ಲಿ ಬೆಕ್ಕು ಹಾಲು ಕುಡಿಯುತ್ತಿತ್ತು. ತೊಟ್ಟಿಯ ಹಿಂದೆ ಒಂದು ಮರಿ ಕೂಗಿತು. ಬೆಕ್ಕು ಬಟ್ಟಲನ್ನು ಅಲ್ಲೇ ಬಿಟ್ಟು ಓಡಿತು. ಹಾಲು ಬಿಟ್ಟು ಓಡಿದ ಬೆಕ್ಕನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆಯೂ ನೋಡಿದರು. ಎಳ್ಳು ಹುರಿಯುತ್ತಿದ್ದವರು ಸೌಟು ಕೆಳಗಿಟ್ಟು ಹೇಳಿದರು: "ಅಂಗಿ ಬಿಚ್ಚಿಸಿ ಮಗೂನ ಎತ್ಕೋಮ್ಮಾ. ಬರೀ ಮೈ ಕೂಸಿಗೆ ಮೈಲಿಗೆ ಇಲ್ಲ. ವಡೆ ನಾನು ತಟ್ತೀನಿ."

ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ರೀತಿ. ಮೈಮೇಲೆ ಬಟ್ಟೆಯಿಲ್ಲದ ಎಳೆಗೂಸನ್ನು ಮುಟ್ಟಿದರೆ ಮಡಿ ಕೆಡುವುದಿಲ್ಲ. ಆದರೆ ನಡುಮನೆಯಲ್ಲಿ ಪುರೋಹಿತರ ಪಕ್ಕ ಆ ಸೋದರತ್ತೆ ಕೂತಿದ್ದರು, ಕಿವಿ ಇತ್ತಲೇ ಇತ್ತು. "ಬೇಡಿ, ಇವತ್ತು ಶ್ರಾದ್ಧ. ನಂಗೆ ಅಂಥ ರಿಯಾಯಿತಿ ಬೇಡ" ಎಂದು ಅವರಿಗೆ ಕೇಳುವಂತೆ ಹೇಳಿದೆ. ಆಯಾಗೆ ಮಗುವನ್ನು ಕೆಳಗೆ ಕರೆದುಕೊಂಡು ಹೋಗು ಎಂದೆ. ಊಟವಾದ ಮೇಲೆ ಸೋದರತ್ತೆ, "ಪರವಾಗಿಲ್ಲ, ಸೊಸೆ ಗಟ್ಟಿ ಇದಾಳೆ" ಎಂದರು. ಹಿಗ್ಗಿ ಹೀರೇಕಾಯಿಯಾದೆ. ಮೂರು ಗಂಟೆಗೆ ಕೈ ಚಾಚಿದರೆ ಮಗು ಆಯಾಳ ಕತ್ತು ಬಿಟ್ಟು ಬರಲಿಲ್ಲ.

ಮರಿಗಳಿಗೆ ಎರಡು ತಿಂಗಳು ತುಂಬಿದ ಮೇಲೆ ಬೆಕ್ಕು ಅವನ್ನು ಗುರ್ ಎಂದು ಗದರಿಸಿ ಮೊಲೆಯಿಂದ ದೂರ ತಳ್ಳತೊಡಗಿತು. ಅಷ್ಟರಲ್ಲಿ ಅವು ಬೇಟೆಯಾಡಿ ತಿನ್ನಲು ಕಲಿತಿದ್ದವು. ನಾನು ಮಗಳನ್ನು ಯಾವ ಹೊತ್ತು ಗೊತ್ತೂ ನೋಡದೆ ತಳ್ಳಿದ್ದೆ. ಮಗಳು ಮೊದಲು ಆಡಿದ್ದು ಆಯಾಳ ತಮಿಳು. ಬಿದ್ದರೆ ಆಯಾ, ಹಸಿದರೆ ಆಯಾ. ದೊಡ್ಡವಳಾದ ಮೇಲೆ, ಯಾಕೆ ನನ್ನ ಹತ್ತಿರ ಬರುವುದಿಲ್ಲ ಎಂದು ನಾನು ಅತ್ತಾಗಲೆಲ್ಲ, "ನಿಮ್ಮಜ್ಜಿ ಮಡಿ ಮಡಿ ಅಂತ ನಿನ್ನ ಮುಟ್ಟಗೊಡಲಿಲ್ಲ ಕಣೇ" ಎಂದು ಹೇಳಿದೆ. ನೆಂಟರಿಗೂ ಅದನ್ನೇ ಹೇಳಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಅತ್ತೆ ಸಾಯುವವರೆಗೂ ಅದಕ್ಕೆ ಎದುರಾಡಲಿಲ್ಲ.

ಹೋದ ತಿಂಗಳು ಮಗಳಿಗೆ ಕೀಲ್ಪಾಕ್‌ನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಚೊಚ್ಚಲ ಬಾಣಂತನ ತವರಿನದು. ಅಂಟಿನುಂಡೆ ಕಟ್ಟಿ, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹರಿದು ಮಡಿಸಿಟ್ಟುಕೊಂಡು ಅವಳನ್ನು ಕರೆತರಲು ಹೋದೆ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಆಯಾ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊಮ್ಮಗಳು ಅವಳ ತೊಡೆಯ ಮೇಲಿದ್ದಳು.

"ನಾ ಅಂಗ ವರಲೆಮ್ಮಾ" ಎಂದಳು ಮಗಳು. ನಿಮ್ಮಲ್ಲಿಗೆ ಬರುವುದಿಲ್ಲ, ಮೂರು ತಿಂಗಳು ಆಯಾ ನಮ್ಮ ಮನೆಯಲ್ಲೇ ಇರುತ್ತಾರೆ ಎಂದಳು.

"ಅವಳಿಗೇನೇ ಗೊತ್ತು ನಮ್ಮ ಬಾಣಂತನ?"

"ಎನ್ನೆ ವಳತ್ತದು ಅವಂಗದಾನೆ." ನನ್ನನ್ನು ಬೆಳೆಸಿದ್ದು ಅವರೇ ತಾನೆ.

ನಾಲಿಗೆ ಅಭ್ಯಾಸಬಲದಿಂದ ಆಡಿಬಿಟ್ಟಿತು: "ನಾನೇನು ಮಾಡಲೇ, ನಿಮ್ಮಜ್ಜಿ ಮುಟ್ಟಗೊಡಲಿಲ್ಲ."

ಮಗಳು ಸಿಟ್ಟಾಗಲಿಲ್ಲ. "ಅಂಗಿ ಬಿಚ್ಚಿಸಿ ಎತ್ಕೋ ಅಂದ್ರಂತಲ್ಲಮ್ಮಾ ಅಜ್ಜಿ. ಹೋಗೋ ಮುಂಚೆ ನಂಗೆ ಹೇಳಿದ್ರು. ನಿನ್ನ ಹತ್ರ ಕೇಳಬೇಡ ಅಂತಾನೂ ಹೇಳಿದ್ರು, ಅದಕ್ಕೆ ಕೇಳಲಿಲ್ಲ."

ಆಯಾ ತಲೆ ತಗ್ಗಿಸಿ ಎದ್ದು ಬಂದು, ನಾನು ಕೇಳದೆಯೇ ಮಗುವನ್ನು ನನ್ನ ಕೈಗೆ ಕೊಟ್ಟಳು. ಮಗು ಅಳಲಿಲ್ಲ, ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ಸ್ವಲ್ಪ ಹೊತ್ತು ನೋಡಿ ಮಗಳು ಕೈ ನೀಡಿ ಕೂಸನ್ನು ತೆಗೆದುಕೊಂಡು ಮತ್ತೆ ಆಯಾಳ ಮಡಿಲಿಗೆ ಹಾಕಿದಳು.